ಕನಕಾಂಬರದ ಹಿಂಬದಿ

"ಈ ಮಷೀನ್ ನಿಮಗ ಬ್ಯಾಡ್ರೀ."

ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು.

ಯಲಹಂಕದ ಬಳಿಯ ಕೋಗಿಲಿನಿಂದ ಎರಡು ಬಸ್ಸು ಬದಲಾಯಿಸಿ, ಶ್ರಾವಣದ ಶುಕ್ರವಾರ ಒಳ್ಳೆಯ ದಿನವೆಂದು ಮಡಿ ಸೀರೆ ಉಟ್ಟು, ಆರ್.ಟಿ. ನಗರದ ಆ ಏಸಿ ಷೋರೂಮಿಗೆ ಬಂದವಳು ಅವಳು. ಅವಳು ಕೇಳಿದ ದೊಡ್ಡ ಎಂಬ್ರಾಯ್ಡರಿ ಮಷೀನನ್ನು ತೋರಿಸಬೇಕಾದವನೇ ಬೇಡ ಅನ್ನುತ್ತಾನಲ್ಲ!

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಅದಕ್ಕೂ ಮೊದಲು ಅವನು ಮಾಡಿದ ಕೆಲಸವಿತ್ತು ನೋಡಿ...

ಅವಳು ತನ್ನ ಕೈಯಾರೆ ಕಸೂತಿ ಹಾಕಿದ ಬ್ಲೌಸ್ ಪೀಸನ್ನು ಅವನ ಮುಂದೆ ಹರಡಿದ್ದಳು. ಹಿಂದಿನ ಕತ್ತಿನ ಸುತ್ತ ಕನಕಾಂಬರದ ದಂಡೆ. ಮೂರು ಬಗೆಯ ಕಿತ್ತಳೆ ದಾರ, ನಡುವೆ ತಿಳಿಹಸಿರು ಎಲೆ. ಜಡೆಯಿಂದ ಜಾರಿದ ಹೂ ಬೆನ್ನ ಮೇಲೆ ಬಿದ್ದಿದೆಯೇನೋ ಅನ್ನಬೇಕು. ಯಲಹಂಕದ ಹೆಂಗಸರು ನಿಂತು ನೋಡಿ ಹೊಗಳಿದ್ದ ಕೆಲಸ ಅದು.

ಅವನು ಮುಂಬದಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಪೀಸನ್ನು ಮಗುಚಿ ಹಾಕಿ ಹಿಂಬದಿಯ ಗಂಟುಗಳ ಮೇಲೆ ಬೆರಳಾಡಿಸುತ್ತ ಕೂತುಬಿಟ್ಟ! ಹೊಗಳಿಕೆಯ ಒಂದು ಮಾತೂ ಇಲ್ಲ.

ಚೌಕಾಸಿ ಮಾಡುವ ಗಿರಾಕಿಗಳು ಹುಳುಕು ಹುಡುಕುವುದು ಹೀಗೆಯೇ. ಅದು ರಾಧಾಮಣಿಗೆ ಚೆನ್ನಾಗಿ ಗೊತ್ತು.

"ಯಾಕ್ರೀ ಬೇಡ? ತಗೊಳ್ಳೋ ಯೋಗ್ಯತೆ ಇಲ್ಲ ಅಂತಾನಾ?"

"ಹಂಗಲ್ರೀ..." ಅವನು ತಡವರಿಸಿದ. ಅಂಗಿಯ ಮೇಲಿನ ಬಿಲ್ಲೆಯಲ್ಲಿ ಸಿದ್ದಲಿಂಗ ಎಂದು ಬರೆದಿತ್ತು.

"ಗೊತ್ತಾಯ್ತು ಬಿಡಿ. ಊರಲ್ಲಿ ಇನ್ನೊಂದು ಅಂಗಡಿ ಇಲ್ವಾ?"

ಬ್ಯಾಗು ಹೆಗಲಿಗೇರಿಸಿ ಬಿರಬಿರನೆ ಹೊರಟೇಬಿಟ್ಟಳು. ನಮ್ಮ ರಾಧಾಮಣಿಗೆ ಮೂಗಿನ ತುದಿಯಲ್ಲೇ ಕೋಪ. ಆ ಕೋಪದಲ್ಲಿ ಕನಕಾಂಬರದ ಪೀಸು ಅವನ ಮೇಜಿನ ಮೇಲೆಯೇ ಉಳಿದಿದ್ದು ಹೆಬ್ಬಾಳ ದಾಟುವವರೆಗೂ ನೆನಪಾಗಲಿಲ್ಲ.

ಅವಳಿಗಿದ್ದದ್ದು ಒಂದೇ ಅವಕಾಶ. ವರ್ಷಗಟ್ಟಲೆ ಗಾರ್ಮೆಂಟ್ಸಿನಲ್ಲಿ ಬರೀ ಕಾಲರ್ ಹೊಲಿದು ಹೊಲಿದು, ಇಡೀ ಅಂಗಿ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು ಅವಳಿಗೆ. ಅದನ್ನು ಬಿಟ್ಟು ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯಲು ಕೂತಿದ್ದಳು. ಸೋದರತ್ತೆ ಸುಬ್ಬಲಕ್ಷ್ಮಮ್ಮನೇ ಅವಳಿಗೆ ತಾಯಿ, ತಂದೆ, ಎಲ್ಲ. ಈಗ ಸಹಕಾರ ನಗರದ ಬೊಟಿಕ್ಕಿನವರು ದಸರಾದಿಂದ ತಿಂಗಳು ತಿಂಗಳೂ ಕೆಲಸ ಕೊಡುವುದಾಗಿ ಹೇಳಿದ್ದರು. ಮಷೀನ್ ಎಂಬ್ರಾಯ್ಡರಿ ಇರಬೇಕು, ಅಷ್ಟೇ. ಚೀಟಿ ಹಣ ಒಂದೇ ಸಲ ಕೈಗೆ ಬರುವುದು. ತಪ್ಪು ಮಷೀನು ತಂದಳೋ, ಮತ್ತೆ ಅದೇ ಗಾರ್ಮೆಂಟ್ಸು, ಅದೇ ಕಾಲರ್.

"ಯಾಕ್ ಮಗ, ಮುಕ ಇಂಗ್ ಊದಿಸ್ಕೊಂಡಿದ್ದೀಯ?" ಎಂದಳು ಸುಬ್ಬಲಕ್ಷ್ಮಮ್ಮ.

"ಅವನ್ಯಾವನೋ ನನ್ ಕೆಲಸಾನ ತಿರುಗಾಮುರುಗಾ ನೋಡಿ, ನಿಂಗ್ಯಾಕಮ್ಮ ಮಷೀನು ಅಂದ ಅತ್ತೆ."

"ಓಗ್ಲಿ ಬುಡು. ಅವನ್ ಮನೆ ಕಾಯೋಗ."

ಮರುದಿನ ಯಶವಂತಪುರದ ಇನ್ನೊಂದು ಅಂಗಡಿಗೆ ಹೋದಳು. ಅಲ್ಲಿ ಮಾತೆಂದರೆ ಜೇನುತುಪ್ಪ. ಹತ್ತು ಸೂಜಿಯ ದೊಡ್ಡ ಮಷೀನು, ದಾರದ ಬಣ್ಣವನ್ನು ತಾನೇ ಬದಲಾಯಿಸುತ್ತದೆ, ತಾನೇ ಕತ್ತರಿಸುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಒಂದು ಹೂ ಅರಳಿಸುತ್ತದೆ! ಅವಳು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು. ಎಂಥ ಚೆಂದದ ಯಂತ್ರ! ಬೆಲೆ ಮಾತ್ರ ಒಂದು ಕಾರಿನದು. ಉಳಿದದ್ದು ಕಂತಿನಲ್ಲಿ ಕಟ್ಟಿ ಎಂದರು.

"ಮಧ್ಯದಲ್ಲಿ ಕರೆಂಟ್ ಹೋದ್ರೆ?"

"ಏನೂ ಆಗಲ್ಲ ಮೇಡಂ."

"ನನ್ ಡಿಸೈನು ಇದ್ರಲ್ಲಿ ಬರುತ್ತಾ?"

"ಎಲ್ಲಾ ಬರುತ್ತೆ ಮೇಡಂ. ಅಡ್ವಾನ್ಸ್ ಯಾವಾಗ ಕೊಡ್ತೀರಾ?"

ಯಾವ ಡಿಸೈನು ಎಂದು ಕೇಳಲೂ ಇಲ್ಲವಲ್ಲ... ಎಂದು ಒಳಗೆಲ್ಲೋ ಚುಚ್ಚಿತು. ಆದರೂ ಸೋಮವಾರ ಬರುತ್ತೇನೆ ಎಂದು ಹೇಳಿ ಬಂದಳು. ಆ ಷೋರೂಮಿನವನಿಗೆ ಬುದ್ಧಿ ಕಲಿಸಬೇಕಿತ್ತಲ್ಲ!

ಆದರೆ ಸೋಮವಾರಕ್ಕೆ ಮೊದಲು ಭಾನುವಾರ ಬಂತು. ಭಾನುವಾರದ ಜೊತೆ ಆಟೋದಲ್ಲಿ ಸಿದ್ದಲಿಂಗನೂ ಬಂದ. ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಮಷೀನು.

"ಷೋರೂಮಿಗೆ ಬಂದಾಗ ರಿಜಿಸ್ಟರ್‌ದಾಗ ವಿಳಾಸ ಬರ್ದಿದ್ರೀ. ಪೀಸ್ ಬಿಟ್ಟ್ ಬಂದಿದ್ರಿ."

"ತಿರುವಿ ನೋಡಿ ಆಯ್ತಾ?" ಅವಳ ದನಿ ಖಾರವಾಗಿತ್ತು.

ಅವನು ಜೇಬಿನಿಂದ ಒಂದು ಕರವಸ್ತ್ರ ತೆಗೆದುಕೊಟ್ಟ. ಮೂಲೆಯಲ್ಲಿ ಪುಟ್ಟ ಗೋಪುರ, ಒಂದು ನವಿಲು. ಅವಳು ಅದನ್ನು ಮಗುಚಿದಳು. ಹಿಂದೆಯೂ ಅದೇ ಗೋಪುರ, ಅದೇ ನವಿಲು! ಒಂದು ಗಂಟೂ ಇಲ್ಲ. ಮುಂದು ಯಾವುದು, ಹಿಂದು ಯಾವುದು ಎಂದೇ ತಿಳಿಯಲಿಲ್ಲ.

"ನಮ್ಮವ್ವ ನೀಲಕ್ಕ ಹಾಕಿದ್ದು. ಧಾರವಾಡ ಕಡೆ ಕಸೂತಿ ಹಾಕೋರು ಎಲ್ಲಾರ ಕೆಲಸಾನೂ ಹೊಳ್ಳಿಸಿ ನೋಡಂಗಿಲ್ರೀ. ಛಲೋ ಕೆಲಸ ಕಂಡ್ರಷ್ಟ ಹಿಂದ ನೋಡ್ತಾರ. ಮುಂದ ನೋಡಿ ಕೆಳಗಿಟ್ರ, ಅಷ್ಟಕ್ಕಷ್ಟ ಅಂತ ಅರ್ಥ." ಅವನು ತಲೆ ತಗ್ಗಿಸಿದ. "ನಾನೂ ಸಣ್ಣಾಂವ ಇದ್ದಾಗಿಂದ ಹಾಕ್ತೀನಿ. ನಂದು ಒಂದನ್ನೂ ಅವ್ವ ಇನ್ನೂ ಹೊಳ್ಳಿಸಿಲ್ಲ."

ರಾಧಾಮಣಿ ಕರವಸ್ತ್ರವನ್ನು ಮತ್ತೊಮ್ಮೆ ಮಗುಚಿ ನೋಡಿದಳು. ಮರ್ಯಾದೆ ಕೊಟ್ಟವನನ್ನು ಬೈದು ಬಂದೆನಲ್ಲ...

"ಮತ್ತೆ... ಮಷೀನು ಯಾಕೆ ಬೇಡ ಅಂದ್ರಿ?"

"ದೊಡ್ಡದು ಭಾರಿ ಮಷೀನ್ರೀ, ಅದಕ್ಕ ಹೆಸರಿಡಾಕ, ಕುಂದು ಹುಡುಕಾಕ ಬರಂಗಿಲ್ಲ. ಒಂದ ಡಿಸೈನ್ ನೂರು ಪೀಸ್ ಹಾಕೋರಿಗೆ ಅದ ಬೇಕು. ಆದ್ರ ಅದು ಬ್ಲೌಸ್ ಹೊಲಿಯಂಗಿಲ್ಲ. ಕಂತು ತೀರಿಸಾಕ ಹಗಲೂ ರಾತ್ರಿ ಅದರ ಮುಂದ ನಿಂತು ದಾರ ಏರಿಸಬೇಕು. ನೀವು ಮತ್ತ ಫ್ಯಾಕ್ಟರಿ ಆಪರೇಟರ್ ಆಗ್ತೀರಿ. ನಿಮ್ಮ ಕೈ ಆ ಕೆಲಸದ್ದಲ್ರೀ."

ಅವನು ಬಟ್ಟೆ ಸರಿಸಿದ. ಬಿಳಿ ಬಣ್ಣದ, ಬೆಳಗುವ ಪುಟ್ಟ ಪರದೆಯ ಮಷೀನು.

"ಇದು ಹೊಲೀತದ, ಎಂಬ್ರಾಯ್ಡರಿನೂ ಮಾಡ್ತದ. ಸೂಜಿ ಒಂದ, ಹಂಗಾಗಿ ಬಣ್ಣ ಬದಲಿಸೋದು ನೀವ. ಅದೊಂದು ಕೊರತಿ ಅದ. ಆದ್ರ ಬಟ್ಟೆ ಬಿಗಿಯೋ ಫ್ರೇಮ್ ದೊಡ್ಡದು, ಕತ್ತಿನ ಡಿಸೈನ್ ಒಂದ ಸಲಕ್ಕ ಕೂಡ್ತದ, ಎರಡು ತುಂಡು ಮಾಡಿ ಜೋಡಿಸೋದು ಬ್ಯಾಡ. ಕೆಳಗಿನ ಬಾಬಿನ್ ದಾರ ಮುಗಿಯೋದನ್ನ ಮೊದಲ ಹೇಳ್ತದ. ಇದಕ್ಕಿಂತ ಅಗ್ಗದ್ದೂ ಅದಾವ, ಅವುಗಳ ಫ್ರೇಮ್ ಅಂಗೈಯಷ್ಟ. ನಾಕು ದಿನಕ್ಕ ಬ್ಯಾಸರಾಗ್ತದ."

ಸೂಜಿ ಹಾಕಲು ಕೈ ಚಾಚಿದ. "ಚಪ್ಪಟೆ ಭಾಗ ಹಿಂದಕ್ಕ..."

"ಅದು ನಂಗೊತ್ತು ಕೊಡಿ. ಕಣ್ ಮುಚ್ಕೊಂಡ್ ಹಾಕ್ತೀನಿ."

ಹಾಕಿಯೂ ತೋರಿಸಿದಳು. ಅವನ ತುಟಿಯಂಚಿನಲ್ಲಿ ನಗು ಸುಳಿಯಿತು.

ಗುಂಡಿ ಒತ್ತಿದ. ಫ್ರೇಮು ಮೆಲ್ಲಗೆ ಅತ್ತಿತ್ತ ಸರಿಯತೊಡಗಿತು. ಒಂದು ಕಿತ್ತಳೆ ಎಸಳು ಮೂಡಿತು, ಪಕ್ಕದಲ್ಲಿ ಇನ್ನೊಂದು... ಅರೆ! ಇದು ಅವಳದೇ ಕನಕಾಂಬರ! ಅವಳ ಎಸಳಿನ ಸೊಟ್ಟ ತುದಿಯೂ ಹಾಗೆಯೇ ಇತ್ತು.

"ನಿಮ್ಮ ಪೀಸ್ ನೋಡಿ ಕಂಪ್ಯೂಟರ್‌ನ್ಯಾಗ ಮಾಡ್ದೆ. ಸೊಟ್ಟ ಇರೋದನ್ನ ನೆಟ್ಟಗ ಮಾಡಾಕ ಮನಸ್ಸಾಗಲಿಲ್ಲ," ಎಂದ ಅವನು ಮೆಲ್ಲಗೆ.

ಅಷ್ಟರಲ್ಲಿ ಕರೆಂಟು ಹೋಯಿತು. ಕೋಗಿಲು ಎಂದ ಮೇಲೆ ಅದು ಹೋಗಲೇಬೇಕು! ಅರ್ಧ ಹೂ ಹಾಳಾಯಿತಲ್ಲ... ಸುಬ್ಬಲಕ್ಷ್ಮಮ್ಮ ಕಾಫಿ ತಂದಳು. ಕುಡಿದು ಮುಗಿಸುವಷ್ಟರಲ್ಲಿ ಕರೆಂಟು ಬಂತು. ಪರದೆ ಬೆಳಗಿತು. ಮಷೀನು ನಿಂತಿದ್ದ ಹೊಲಿಗೆಯಿಂದಲೇ ಮುಂದುವರಿದು ಎಸಳನ್ನು ಪೂರ್ತಿ ಮಾಡಿತು. ನಡುವೆ ಒಂದು ಗೆರೆಯೂ ಇಲ್ಲ.

ಅವಳ ಕಣ್ಣು ತುಂಬಿ ಬಂತು. ಮಷೀನಿಗೋ, ಅದನ್ನು ಹೊತ್ತು ತಂದವನಿಗೋ ಎಂದು ಅವಳನ್ನು ಕೇಳಬೇಡಿ.

ಸೋಮವಾರ ಯಶವಂತಪುರಕ್ಕೆ ಹೋಗಲಿಲ್ಲ. ಮನೆಗೆ ಬಿಳಿ ಮಷೀನು ಬಂತು. ಸುಬ್ಬಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟು, ದೃಷ್ಟಿ ತೆಗೆದಳು. ದಸರಾ ಹೊತ್ತಿಗೆ ಬೊಟಿಕ್ಕಿನ ಗಾಜಿನ ಹಿಂದೆ ರಾಧಾಮಣಿಯ ಕನಕಾಂಬರ ಅರಳಿತ್ತು. ಮದುವೆಯ ಹೆಣ್ಣುಗಳು ಅದನ್ನೇ ಕೇಳಿಕೊಂಡು ಬರತೊಡಗಿದರು.

ಸಿದ್ದಲಿಂಗ ಉಚಿತ ಸರ್ವೀಸಿಗೆ ಬರುತ್ತಿದ್ದ. ಎಣ್ಣೆ ಬಿಟ್ಟು, ಧೂಳು ತೆಗೆದು, ಅವಳ ಹೊಸ ಕೆಲಸವನ್ನೆಲ್ಲ ಮಗುಚಿ ನೋಡುತ್ತಿದ್ದ. ಅವನು ಮಗುಚಿದಾಗಲೆಲ್ಲ ಅವಳ ಮುಖ ಕೆಂಪಾಗುತ್ತಿತ್ತು. ಅವನ ಕರವಸ್ತ್ರವನ್ನು ಮಾತ್ರ ಅವಳು ಹಿಂದಿರುಗಿಸಿರಲಿಲ್ಲ, ಅವನೂ ಕೇಳಿರಲಿಲ್ಲ. ಬೇರೆ ಮಾತೂ ಇಲ್ಲ.

"ಇದ ಕಡೀ ಸರ್ವೀಸ್ರೀ. ಇನ್ನ ಮುಂದ ಕಂಪನಿ ಮೆಕ್ಯಾನಿಕ್ ಬರ್ತಾನ," ಎಂದ ಒಂದು ದಿನ. ಬಾಗಿಲಲ್ಲಿ ಸುಮ್ಮನೆ ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಒಂದು ಮಾತು ಹೇಳಬಾರದಿತ್ತಾ... ಇವನಿಗೆ ನಾನು ಬರೀ ಗಿರಾಕೀನಾ?

ಅವಳು ಊಟ ಬಿಟ್ಟಳು. ಮಷೀನಿನ ಮುಂದೆ ಕೂತರೂ ಕೈ ಆಡಲಿಲ್ಲ. ವಾರ ಕಳೆಯುವುದರೊಳಗೆ ಷೋರೂಮಿಗೆ ಫೋನು ಹೋಯಿತು. ದಾರ ಕಿತ್ತು ಕಿತ್ತು ಬರ್ತಿದೆ, ಮಾರಿದವರೇ ಬಂದು ನೋಡಬೇಕು ಎಂದು.

"ಕೆಟ್ಟಿರೋದು ಮಿಷಿನ್ನಾ, ನೀನಾ?" ಎಂದ ಸುಬ್ಬಲಕ್ಷ್ಮಮ್ಮ, ಕಾಫಿಪುಡಿ ತರುತ್ತೇನೆಂದು ಹೊರಗೆ ಹೋದಳು. ಡಬ್ಬಿ ತುಂಬ ಕಾಫಿಪುಡಿ ಇತ್ತು.

ಸಿದ್ದಲಿಂಗ ಬಂದ. ದಾರ ನೋಡಿದ, ಬಾಬಿನ್ ನೋಡಿದ. ಕೊನೆಗೆ ಸೂಜಿಯ ತಿರುಪು ಸಡಿಲಿಸಿದವನು ಹಾಗೆಯೇ ನಿಂತುಬಿಟ್ಟ. ಚಪ್ಪಟೆ ಭಾಗ ಮುಂದಕ್ಕಿತ್ತು.

"ಸೂಜಿ ತಿರುವಿ ಹಾಕೀರಿ."

"ಹೂಂ."

"ಕಣ್ಣು ಮುಚ್ಚಿ ಹಾಕ್ತೀನಿ ಅಂದಿದ್ರಿ."

"ಇದನ್ನ ಕಣ್ ಬಿಟ್ಕೊಂಡೇ ಹಾಕಿದ್ದು... ಇನ್ನೇನ್ ಮಾಡ್ಲಿ? ಸರ್ವೀಸ್ ಮುಗೀತು ಅಂತ ಹೊರಟೇಹೋದ್ರಿ. ಮಷೀನು ಚೆನ್ನಾಗಿರೋವರೆಗೂ ನೀವು ಬರಲ್ಲ. ಅದೋ ಕೆಡೋ ಜಾತಿದೇ ಅಲ್ಲ!"

ಅವನ ಕಣ್ಣು ಒದ್ದೆಯಾಗಿತ್ತು.

"ಹೇಳಾಕ ಅಂಜಿದ್ನಿ. ಗಿರಾಕಿ ಮುಂದ ಮನಸ್ಸು ಬಿಚ್ಚಿದ್ರ, ನಿಮ್ಮ ಕೆಲಸ ಹೊಗಳಿದ್ದೆಲ್ಲ ಮಷೀನ್ ಮಾರಾಕ ಆಡಿದ ಮಾತು ಅಂತ ತಿಳೀತೀರಿ ಅನಿಸ್ತು. ಅದೊಂದು ಮಾತ್ರ ಸುಳ್ಳಾಗಬಾರದಿತ್ರೀ. ಆ ಶುಕ್ರವಾರನ ನನ್ನ ಮನಸ್ಸು ನಿಮ್ಮ ಕಡೆ ಬಂದಿತ್ತು."

ಸೂಜಿಯನ್ನು ಸರಿಯಾಗಿ ಹಾಕಿ ತಿರುಪು ಬಿಗಿದ. ರಾಧಾಮಣಿ ಕಣ್ಣೊರೆಸಿಕೊಂಡು, ಮಡಿಚಿಟ್ಟಿದ್ದ ಒಂದು ಹೊಸ ಕರವಸ್ತ್ರವನ್ನು ಅವನ ಕೈಗಿಟ್ಟಳು. ಮೂಲೆಯಲ್ಲಿ ಗೋಪುರ, ಪಕ್ಕದಲ್ಲಿ ಕನಕಾಂಬರ. ಮಷೀನಿನದಲ್ಲ, ಕೈಯದು.

"ನಿಮ್ಮಮ್ಮನ ಕರ್ಚೀಫ್ ನೋಡ್ಕೊಂಡು ಕಲ್ತೆ. ತಿರುಗಿಸಿ ನೋಡಲ್ವಾ?"

"ನಾ ಯಾಕ್ರೀ? ಮುಂದಿನ ವಾರ ಅವ್ವನ್ನ ಕರ್ಕೊಂಡ್ ಬರ್ತೀನಿ. ಆಕಿನ ಹೊಳ್ಳಿಸಿ ನೋಡ್ಲಿ."

"ಅವ್ರು ತಿರುಗಿಸದೇ ಕೆಳಗಿಟ್ರೆ?"

ಸಿದ್ದಲಿಂಗ ನಕ್ಕು, ಮೊದಲ ಸಲ ಅವಳ ಕೈ ಹಿಡಿದ.

"ನಂದೂ ಅವ್ವ ಇನ್ನೂ ಹೊಳ್ಳಿಸಿಲ್ಲಲ್ಲ... ಇಬ್ಬರೂ ಕೂಡೇ ಕಲಿಯೋಣು."