ಅವನದೇ ಒಂದು ವಾಕ್ಯ

"ಈ ಫೋನು ನನಗೆ ಬೇಡ. ವಾಪಸ್ ತಗೊಳ್ಳಿ!"

ಮೇಜಿನ ಮೇಲೆ ಕಂಪನಿಯ ಮೊಬೈಲು ಟಪ್ಪೆಂದು ಬಿತ್ತು. ಅವಳು ತಲೆಯೆತ್ತಿದಳು. ಎತ್ತರದ ಆಳು, ಮುಂಗೈ ಮೇಲೆ ಗ್ರೀಸಿನ ಕಲೆ, ಹೆಗಲಲ್ಲಿ ಪಾನಾ, ಸ್ಕ್ರೂಡ್ರೈವರು ತುಂಬಿದ ಚೀಲ. ಆ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಆದರೆ ಆ ದನಿ...

ಮೂರು ವರ್ಷದಿಂದ ದಿನಾ ಕೇಳಿದ ದನಿ!

"ನೀವಾ...?"

"ಹೌದು ಕಂಟ್ರೋಲ್ ಮೇಡಂ, ನಾನೇ. ನಿನ್ನೆ ಬಾಗಿಲಿನ ಜೊತೆ ಮದುವೆ ಗೊತ್ತು ಮಾಡಿದ್ರಲ್ಲ, ಅದೇ ಗಂಡು."

ಮಾತು ತಮಾಷೆಯದು. ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ.

"ಅಯ್ಯೋ, ಸುಮ್ನೆ ಬರೆದಿದ್ದು! ಅಷ್ಟಕ್ಕೇ ಕೋಪಾನಾ? ಫೋನಲ್ಲಿ ಇದಕ್ಕಿಂತ ಜಾಸ್ತಿ ಕಾಲೆಳೆದಿದೀನಲ್ಲ ನಿಮ್ಮನ್ನ!"

"ಫೋನಲ್ಲಿ ನಾವಿಬ್ಬರೇ ಇದ್ವಿ."

ಅಷ್ಟು ಹೇಳಿ ಅವನು ಹೊರಟೇಹೋದ. ಇಷ್ಟು ವರ್ಷ ಕಾದು ನೋಡಿದ ಮುಖ, ಎರಡು ನಿಮಿಷವೂ ನಿಲ್ಲಲಿಲ್ಲ.

ಅದು ಲಿಫ್ಟ್ ದುರಸ್ತಿ ಮಾಡುವ ಕಂಪನಿ. ಅವಳ ಕೆಲಸ ಕಂಟ್ರೋಲ್ ರೂಮಿನಲ್ಲಿ. ಯಾವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೂ ಕರೆ ಮೊದಲು ಅವಳಿಗೆ ಬರುತ್ತಿತ್ತು, ಅವಳು ಮೆಕ್ಯಾನಿಕ್‌ಗಳನ್ನು ಕಳಿಸುತ್ತಿದ್ದಳು. ಅವರು ಮನೆಯಿಂದ ನೇರ ಕೆಲಸದ ಜಾಗಕ್ಕೇ ಹೋಗುತ್ತಿದ್ದುದರಿಂದ ಎಷ್ಟೋ ಜನರ ಮುಖ ಅವಳಿಗೆ ಗೊತ್ತಿರಲಿಲ್ಲ.

ಅವನು ಮಾತ್ರ ಕೆಲಸ ಮುಗಿದ ಮೇಲೆ ತಪ್ಪದೆ ಕತೆ ಹೇಳುತ್ತಿದ್ದ.

"ಕಂಟ್ರೋಲ್ ಮೇಡಂ, ಅಜ್ಜಿ ಕ್ಷೇಮವಾಗಿ ಆಚೆ ಬಂದ್ರು. ತಡ ಮಾಡ್ದೆ ಅಂತ ನನಗೆ ಚೆನ್ನಾಗಿ ಬೈದ್ರು. ಬೈದು ಸುಸ್ತಾಗಿ, ನೀನೂ ತಿನ್ನು ಅಂತ ಒಂದು ಪೆಪ್ಪರ್‌ಮೆಂಟ್ ಕೊಟ್ರು!"

ಆ ಕತೆಗಳನ್ನು ಅವಳು ಮನೆಗೆ ಹೊತ್ತೊಯ್ಯುತ್ತಿದ್ದಳು. ಅಮ್ಮನಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು, "ಏನಂದ ಇವತ್ತು ನಿನ್ನ ಲಿಫ್ಟಿನವನು?"

'ನಿನ್ನ' ಎಂಬ ಆ ಮಾತನ್ನು ಅವಳು ಒಮ್ಮೆಯೂ ತಿದ್ದಿರಲಿಲ್ಲ.

ಹೋದ ತಿಂಗಳು ಕಂಪನಿಗೆ 'ಅಂಗಳ' ಬಂತು. ನೌಕರರು ಮಾತ್ರ ಸೇರಬಹುದಾದ, ಹೊರಗಿನವರಿಗೆ ಕಾಣದ ಒಂದು ಆ್ಯಪ್. ಇನ್ನು ಮೇಲೆ ಅಪಾಯದ ಹೊತ್ತು ಬಿಟ್ಟು ಫೋನ್ ಮಾಡುವಂತಿಲ್ಲ, ಎಲ್ಲವನ್ನೂ ಅಲ್ಲೇ ಬರೆಯಬೇಕು. "ಒಬ್ಬನಿಗೆ ತಿಳಿದದ್ದು ಎಲ್ಲರಿಗೂ ತಿಳೀಬೇಕಮ್ಮ," ಎಂದು ಮ್ಯಾನೇಜರ್ ಅದರ ಉಸ್ತುವಾರಿಯನ್ನು ಅವಳಿಗೇ ವಹಿಸಿದರು. ಅವಳಿಗೂ ಹೆಮ್ಮೆಯೇ. ನಲವತ್ತೆರಡು ಜನ ಒಂದೇ ಅಂಗಳದಲ್ಲಿ!

ಆದರೆ ಅವನು ಬದಲಾದ.

'ಸದರಿ ದೂರನ್ನು ಪರಿಶೀಲಿಸಲಾಗಿದೆ. ಲಿಫ್ಟ್ ಚಾಲನೆಯಲ್ಲಿದೆ.'

ದಿನಾ ಇಂಥದೇ. ಸುತ್ತೋಲೆಯಂಥ ಒಣ ಸಾಲುಗಳು. ಅಜ್ಜಿಯಿಲ್ಲ, ಪೆಪ್ಪರ್‌ಮೆಂಟಿಲ್ಲ.

'ಫೋನು ನಿಂತಿದ್ದೇ ತಡ, ನಾನು ಯಾರೋ ಆಗಿಬಿಟ್ಟೆನಾ?'

"ಏನಂದ ಇವತ್ತು?" ಎಂದು ಅಮ್ಮ ಕೇಳಿದರೆ, "ಏನೂ ಅನ್ನಲಿಲ್ಲ," ಎನ್ನುತ್ತಾ ಅವಳು ಒಳಗೆ ಹೋಗುತ್ತಿದ್ದಳು.

ಹಾಗಿರುವಾಗ ಒಂದು ದಿನ ಬಂತು ಆ ಸಾಲು: 'ಐದನೇ ಮಹಡಿ ಬಾಗಿಲು ಮೆಚ್ಚಿದೆ.'

'ಮುಚ್ಚಿದೆ' ಎನ್ನಲು ಹೋಗಿ 'ಮೆಚ್ಚಿದೆ'! ಅವಳಿಗೆ ಹಳೆಯ ದಿನ ಮರಳಿ ಬಂದಷ್ಟು ಖುಷಿಯಾಯಿತು. ಬೆರಳು ಜಾರಿರಬೇಕು ಎಂದುಕೊಂಡು ಕೆಳಗೆ ಬರೆದಳು: 'ಬಾಗಿಲನ್ನ ಮೆಚ್ಚಿದ್ರಾ? ಹಾಗಾದ್ರೆ ತಡ ಯಾಕೆ, ಹುಡುಗಿ ಕಡೆಯವರನ್ನ ಕರೆಸೋಣ!'

ಊಟದ ಹೊತ್ತಿಗೆ ಇಡೀ ಅಂಗಳ ನಗುತ್ತಿತ್ತು. ಸಂಜೆಗೆ ಅವನಿಗೆ 'ಬಾಗಿಲ ಮದುಮಗ' ಎಂದು ಹೆಸರೂ ಬಿತ್ತು.

ಮರುದಿನವೇ ಅವನು ಫೋನು ತಂದು ಎಸೆದದ್ದು.

"ಅಂಗಳ ಬೇಡ ಅನ್ನೋನಿಗೆ ಲಿಫ್ಟಿನ ಕೆಲಸಾನೂ ಬೇಡ," ಎಂದರು ಮ್ಯಾನೇಜರ್. "ಸೋಮವಾರದಿಂದ ಗೋಡೌನಿಗೆ ಹಾಕ್ತೀನಿ, ಪೆಟ್ಟಿಗೆ ಎಣಿಸ್ಕೊಂಡಿರಲಿ. ಅವನ ವರದಿ ಎಲ್ಲಾ ಒಟ್ಟು ಮಾಡಿ ಕೊಡಮ್ಮ."

ಅವಳು ಒಲ್ಲದ ಮನಸ್ಸಿನಿಂದ ಒಂದೊಂದೇ ತೆಗೆದು ಜೋಡಿಸತೊಡಗಿದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ನಿಂತಿತು.

'ಸದರಿ ದೂರನ್ನು ಪರಿಶೀಲಿಸಲಾಗಿದೆ...' ಇದು ನನ್ನ ವಾಕ್ಯವಲ್ಲವೇ? ಮಾದರಿಗೆಂದು ಮೊದಲ ದಿನ ನಾನೇ ಹಾಕಿದ್ದು!

ಎಲ್ಲವೂ ಅವಳವೇ. ಅವಳು ಬರೆದದ್ದನ್ನೇ ತುಂಡು ತುಂಡಾಗಿ ಎತ್ತಿ ಜೋಡಿಸಿದ್ದ. ಅವನದೇ ಎಂದು ಇದ್ದದ್ದು ಒಂದೇ ಸಾಲು, ಅವಳು ನಕ್ಕ ಸಾಲು.

ಉಸ್ತುವಾರಿಯವರಿಗೆ ಮಾತ್ರ ಕಾಣುವ ಒಂದು ಗುಂಡಿಯಿತ್ತು, 'ಹಿಂದಿನ ಕರಡುಗಳು' ಎಂದು. ತಡೆಯಲಾರದೆ ಒತ್ತಿದಳು.

'ಬಗಿಲು ಮಚದೆ.' 'ಬಾಗಲಿ ಮುಚಚಿದೆ.' 'ಬಾಗಿಲು ಮಚ್ಚಿದೆ...'

ಹನ್ನೊಂದು ಕರಡು. ನಲವತ್ತೆರಡು ನಿಮಿಷ. ಎಂಟನೆಯದರಲ್ಲಿ ಸರಿಯಾಗಿಯೇ ಬರೆದಿದ್ದ. ತನ್ನ ಮೇಲೇ ನಂಬಿಕೆ ಸಾಲದೆ ಅದನ್ನೂ ಅಳಿಸಿದ್ದ.

ಮಾತಿನಲ್ಲಿ ಮಳೆಗರೆಯುವ ಆ ಮನುಷ್ಯನಿಗೆ ಅಕ್ಷರ ಒಲಿದಿರಲಿಲ್ಲ... ಅದನ್ನು ನಲವತ್ತೆರಡು ಜನರ ಮುಂದೆ ಎತ್ತಿ ತೋರಿಸಿದವಳು ನಾನು!

ಅಂಗಳದಲ್ಲೇ ಕ್ಷಮೆ ಕೇಳೋಣವೆಂದು ಬರೆಯತೊಡಗಿದಳು. ಅರ್ಧಕ್ಕೆ ನಿಲ್ಲಿಸಿದಳು. ಕಾರಣ ಹೇಳಿದರೆ ಅವನ ಗುಟ್ಟು ರಟ್ಟಾಗುತ್ತದೆ. ಎಲ್ಲ ಅಳಿಸಿ, ಮ್ಯಾನೇಜರ್ ಕೋಣೆಗೆ ನಡೆದಳು.

"ಸರ್, ವರದಿಗಳನ್ನ ದನಿಯಲ್ಲೂ ಕಳಿಸೋ ಹಾಗೆ ಮಾಡೋಣ."

"ಯಾಕಮ್ಮಾ, ಈಗೇನಾಯ್ತು?"

"ಮೆಕ್ಯಾನಿಕ್‌ಗಳ ಕೈ ತುಂಬಾ ಗ್ರೀಸು ಸರ್. ಆ ಕೈಲಿ ಟೈಪ್ ಮಾಡೋದು ಹೇಗೆ?"

ಅವರು ತಮ್ಮ ಬಿಳಿ ಕೈಗಳನ್ನು ನೋಡಿಕೊಂಡರು. "ಅದೂ ನಿಜವೇ... ಒಂದು ವಾರ ನೋಡೋಣ. ಅವನನ್ನ ಗೋಡೌನಿಗೆ ಹಾಕೋದೂ ಅಲ್ಲೀವರೆಗೆ ಬೇಡ."

ಮೊದಲ ದನಿ ಅವಳದೇ. "ಮೊನ್ನೆ ಒಬ್ಬರ ವರದಿಗೆ ನಾನು ನಗೆಯಾಡಿದೆ. ಅದು ನನ್ನ ತಪ್ಪು, ಅಳಿಸಿದೀನಿ. ಇನ್ನು ಮೇಲೆ ಯಾರು ಬೇಕಾದ್ರೂ ಬರೆಯೋ ಬದಲು ಮಾತಾಡಿ ಕಳಿಸಬಹುದು."

ಗಂಟೆಯೊಳಗೆ ಹದಿನೇಳು ದನಿಗಳು ಬಂದವು. ಎರಡು ಪದಕ್ಕಿಂತ ಹೆಚ್ಚು ಬರೆಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮೂರು ನಿಮಿಷ ಮಾತಾಡಿದರು! 'ಇವರೂ ಕಷ್ಟಪಡುತ್ತಿದ್ದರೇನೋ... ನಾನು ಕೇಳಲೇ ಇಲ್ಲವಲ್ಲ.'

ಆದರೆ ಕೇಳಬೇಕಾದವನ ಫೋನು ಅವಳ ಮೇಜಿನ ಮೇಲೇ ಬಿದ್ದಿತ್ತು.

ಅರ್ಧ ದಿನ ರಜೆ ಹಾಕಿ ಹೊರಟಳು. ಅವನಿಗೆ ಅಂದು ಕೆಲಸವಿದ್ದದ್ದು ಕಣ್ಣಾಸ್ಪತ್ರೆಯ ಕಟ್ಟಡದಲ್ಲಿ. ಲಿಫ್ಟ್ ಬಿಚ್ಚಿಟ್ಟಿದ್ದರಿಂದ ಆರು ಮಹಡಿ ಹತ್ತಬೇಕಾಯಿತು. ತಾರಸಿಯ ಮೋಟಾರು ಕೋಣೆ ತಲುಪುವಷ್ಟರಲ್ಲಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಅವನು ಗಾಬರಿಯಿಂದ ಎದ್ದು ಸ್ಟೂಲು ಎಳೆದ. "ಏನ್ ಮೇಡಂ ಇದು! ಕೂತ್ಕೊಳ್ಳಿ... ಮೊದಲು ನೀರು ಕುಡೀರಿ."

ಉಸಿರು ತಿರುಗಿದ ಮೇಲೆ ಅವಳು ಹೇಳಿದಳು. "ಕ್ಷಮೆ ಕೇಳೋಕೆ ಬಂದೆ. ನಿಮ್ಮ ಹನ್ನೊಂದು ಕರಡೂ ನೋಡಿದೆ."

ಅವನ ಮುಖ ಬಿಳಿಚಿತು. "ಅಳಿಸಿದ್ದೂ ಕಾಣುತ್ತಾ?"

"ನನಗೆ ಮಾತ್ರ."

"ನೋಡಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ," ತಲೆ ತಗ್ಗಿಸಿದಳು. "ಅದೂ ನನ್ನ ತಪ್ಪೇ. ಆ ಗುಂಡಿ ತೆಗೆಸಿಬಿಡ್ತೀನಿ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

ಅವನು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಚಿಕ್ಕಂದಿನಿಂದ ಹೀಗೇ. ಓದೋದು ಹೇಗೋ ನಿಧಾನಕ್ಕೆ ಆಗುತ್ತೆ. ಬರೆಯೋಕೆ ಕೂತ್ರೆ ಕೊಂಬು, ಇಳಿ, ಏತ್ವ ಎಲ್ಲಾ ಜಾಗ ಬದಲಾಯಿಸ್ಕೊಳ್ತವೆ. ಅಕ್ಕಂಗೆ ಮಾತ್ರ ಗೊತ್ತು. ನನ್ನ ಅರ್ಜಿ ಎಲ್ಲಾ ಅವಳೇ ಬರೆದಿದ್ದು."

"ಹಾಗಿದ್ರೆ ಅವತ್ತು... ನನ್ನ ಸಾಲುಗಳು ಇದ್ವಲ್ಲ. ಯಾಕೆ ನೀವೇ ಬರೆಯೋಕೆ ಹೋದ್ರಿ?"

ಅವನು ಮೋಟಾರಿನ ಕಡೆ ನೋಡುತ್ತಾ ಹೇಳಿದ. "ಹದಿನೈದು ದಿನ ನಿಮ್ಮ ಮಾತನ್ನೇ ನಿಮಗೆ ವಾಪಸ್ ಕಳಿಸ್ತಿದ್ದೆ. ನನ್ನದು ಅಂತ ಒಂದಾದ್ರೂ ನಿಮಗೆ ತಲುಪಲಿ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು.

"ನಾನೊಂದು ಹೇಳ್ಲಾ? ಬೈಬಾರದು. ಫೋನು ನಿಂತ ಮೇಲೆ... ಎಲ್ಲಾದ್ರೂ ಲಿಫ್ಟ್ ಜೋರಾಗಿ ಕೆಡಲಿ, ನೀವು ಫೋನ್ ಮಾಡಲೇಬೇಕಾಗಲಿ ಅಂತ ಬೇಡ್ಕೊಂಡಿದೀನಿ."

"ಅಯ್ಯೋ! ಒಳಗೆ ಜನ ಇದ್ರೆ?"

"ಖಾಲಿ ಲಿಫ್ಟೇ ಕೆಡಲಿ ಅಂತ!"

ಅವನು ನಕ್ಕುಬಿಟ್ಟ. ಮೂರು ವರ್ಷ ಕಿವಿಯಲ್ಲಿ ಮಾತ್ರ ಕೇಳಿದ್ದ ನಗು, ಈಗ ಕಣ್ಣೆದುರಿಗೇ!

"ನಾನೇನು ಕಮ್ಮಿನಾ ಮೇಡಂ? ಐದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ವರದಿ ಹೇಳ್ತಿದ್ದೆ. ಅದೆಲ್ಲಾ ಕೆಲಸದ ಮೇಲಿನ ಪ್ರೀತಿ ಅಂದ್ಕೊಂಡ್ರಾ?"

"ಮತ್ತೆ ಯಾವುದರ ಮೇಲಿನದು?"

"ಹತ್ತಿ ಬಂದಿದೀರಲ್ಲ ಆರು ಮಹಡಿ... ಗೊತ್ತಿದ್ದೇ ಬಂದಿದೀರಿ."

ಅವಳು ಚೀಲದಿಂದ ಫೋನು ತೆಗೆದು ಅವನ ಕೈಗಿಟ್ಟಳು. ಅವನು ಫೋನಿನ ಜೊತೆಗೆ ಅವಳ ಬೆರಳುಗಳನ್ನೂ ಹಿಡಿದುಕೊಂಡ.

ಕೊನೆಯ ಬೋಲ್ಟು ಬಿಗಿದು ಅವನು ಲಿಫ್ಟ್ ಚಾಲೂ ಮಾಡಿದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು.

"ಬನ್ನಿ, ಒಂದೇ ನಿಮಿಷದಲ್ಲಿ ಕೆಳಗೆ ಇಳಿಸ್ತೀನಿ."

"ಒಂದೇ ನಿಮಿಷನಾ? ಬೇಡ. ಮೆಟ್ಟಿಲಲ್ಲೇ ಹೋಗೋಣ."

ಅವನು ಚೀಲ ಹೆಗಲಿಗೇರಿಸಿ ಒಂದು ಮೆಟ್ಟಿಲು ಮುಂದೆ ಇಳಿದು ಕೈ ಚಾಚಿದ.

"ನೋಡ್ಕೊಂಡು ಇಳಿ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. "ಅಲ್ಲ... ಇಳೀರಿ."

ಅವಳು ಆ ಕೈ ಹಿಡಿದಳು.

"ಮೊದಲು ಹೇಳಿದ್ದೇ ಇರಲಿ."