ಯಾರದ್ದೂ ಅಲ್ಲದ ಕಂಬಳಿ

"ನೋಡು, ಮುಟ್ಟು, ಫೋಟೋನೂ ಹಿಡ್ಕ. ಆದ್ರೆ ಅದನ್ನ ಯಾರ ಹೆಸ್ರಿಗೂ ಬರೀಬ್ಯಾಡ ಕಣವ್ವ," ಎಂದ ದೊಡ್ಡಬೀರಪ್ಪ.

ಸುಮನಾಗೆ ನಗು ತಡೆಯಲಾಗಲಿಲ್ಲ. ಕಡೂರು ಸೀಮೆಯ ಕಂಬಳಿಗಳ ಮೇಲೆ ಪಿಎಚ್‌ಡಿ ಮಾಡುತ್ತಾ ಎರಡು ವರ್ಷ ಹಟ್ಟಿ ಹಟ್ಟಿ ಅಲೆದಿದ್ದಳು. ದೆವ್ವದ ಕತೆ ಹೇಳದ ಅಜ್ಜ ಒಬ್ಬನೂ ಸಿಕ್ಕಿರಲಿಲ್ಲ. ಚೌಳಹಿರಿಯೂರಿನ ಪಕ್ಕದ ಈ ಹಟ್ಟಿಯಲ್ಲಿ ಮಗ್ಗ ಉಳಿಸಿಕೊಂಡಿದ್ದವನು ದೊಡ್ಡಬೀರಪ್ಪ ಒಬ್ಬನೇ. ಅವನ ಸೊಸೆ ಕರಿಬಸಮ್ಮ ಒಳಕೋಣೆಯ ಮಣ್ಣಿನ ಗುಡಾಣದಿಂದ ಆ ಕರಿ ಕಂಬಳಿಯನ್ನು ತೆಗೆದಾಗ ಹಳೇ ಉಣ್ಣೆಯ ಕಮಟು ವಾಸನೆ ಮೂಗಿಗೆ ಅಡರಿತು. ಅದರೊಳಗೆ ಇನ್ನೊಂದು ವಾಸನೆಯೂ ಇತ್ತು, ಸುಟ್ಟ ಕೂದಲಿನದು.

"ನಮ್ಮ ಮುತ್ತಾತನ ಮ್ಯಾಲೆ ದಾಯಾದಿ ಮಾಟ ಮಾಡ್ಸಿ ನೇಯ್ಸಿದ್ದು," ಎಂದ ಅಜ್ಜ. "ಉಣ್ಣೆ ಜೊತೆಗೆ ಹೆಣದ ಕೂದ್ಲು ಸೇರ್ಸವ್ರೆ. ಇದು ಇಂಥೋರ್ದು ಅಂತ ಹೆಸ್ರು ಬಿದ್ರೆ ಅವ್ರನ್ನ ಮುಚ್ಕೊಂಡ್ಬಿಡ್ತದೆ. ಅದ್ಕೇ ತೆಗ್ದಾಗೆಲ್ಲ ಯಾರ್ದೂ ಅಲ್ಲ, ಯಾರ್ದೂ ಅಲ್ಲ, ಯಾರ್ದೂ ಅಲ್ಲ ಅಂತ ಮೂರು ಸತಿ ಅಂದು ಒಳಗಿಡ್ತೀವಿ."

"ಸುಟ್ಟು ಹಾಕೋದಲ್ವಾ ಅಜ್ಜ?"

"ಸುಡೋಕೂ ಯಾರಾರ ನಂದು ಅನ್ಬೇಕಲ್ಲವ್ವ."

ಒಳ್ಳೆಯ ಮಾತು, ಪ್ರಬಂಧಕ್ಕೆ ಆಗುತ್ತದೆ ಎಂದು ಗುರುತು ಹಾಕಿಕೊಂಡಳು. ಆಮೇಲೆ ಫೋನಿನಲ್ಲಿ ಫಾರಂ ತೆರೆದು ಉದ್ದ, ಅಗಲ, ತೂಕ, ಬಣ್ಣ ಎಲ್ಲ ತುಂಬಿದಳು. ಒಡೆಯರ ಹೆಸರು ಎಂಬಲ್ಲಿ ಕೆಂಪು ನಕ್ಷತ್ರವಿತ್ತು. ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಹಾಗೆ ಮಾಡಿಸಿದ್ದು ಅವಳ ಗೈಡ್ ಪ್ರತಿಮಾ ಮೇಡಂ. ಅಪ್ಪ ತೀರಿಕೊಂಡ ವರ್ಷ ಸುಮನಾಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಉಣ್ಣಿಸಿದವರು ಅವರು. ಆದರೆ ಒಡೆಯರಿಲ್ಲದ ವಸ್ತು ತಂದರೆ ಮಾತ್ರ ಕೆಂಡವಾಗುತ್ತಿದ್ದರು. ಸುಮನಾ ಅಜ್ಜನ ಕಡೆ ಒಮ್ಮೆ ನೋಡಿ, ಸದ್ದಿಲ್ಲದೆ 'ದೊಡ್ಡಬೀರಪ್ಪ' ಎಂದು ಬರೆದು ಕಳಿಸಿಬಿಟ್ಟಳು. ಯಾರಿಗೆ ಗೊತ್ತಾಗುತ್ತದೆ?

ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಅಂಗಳದಲ್ಲಿ ಮಗ್ಗದ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದ ಅಜ್ಜ ಕುಂಚ ಕೆಳಗಿಟ್ಟ.

"ಕರಿಬಸಮ್ಮ, ಚಳಿ ಆಯ್ತೈತೆ ಕಣೇ."

ಹಲ್ಲು ಕಟಕಟ ಎಂದವು. ತುಟಿ ನೀಲಿಯಾಯಿತು. ಗಂಜಿಯ ವಾಸನೆ ಹೋಗಿ, ಅಂಗಳದ ತುಂಬಾ ನೆಂದ ಕುರಿಯ ವಾಸನೆ ಹಬ್ಬಿತು. ಅಜ್ಜ ಕೆಮ್ಮಿದ. ಬಾಯಿಂದ ಕರಿ ಎಳೆಯೊಂದು ಬಂತು. ಕರಿಬಸಮ್ಮ ಹಿಡಿದೆಳೆದಳು. ಅದು ಬರುತ್ತಲೇ ಇತ್ತು.

ಅವಳು ಸುಮನಾಳನ್ನು ನೋಡಿದಳು. "ಬರ್ದ್ಯಾ?"

ಸುಮನಾಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಅಳಿಸಿಬಿಡ್ತೀನಿ ಅಕ್ಕಾ!"

"ಅಳ್ಸಿದ್ರೆ ಬಿಡಾಕಿಲ್ಲ ಅಂತಿದ್ರು ನಮ್ಮತ್ತೆ. ಬ್ಯಾರೆ ಹೆಸ್ರು ಕೇಳ್ತದೆ."

ಸುಮನಾ ಫಾರಂ ಮತ್ತೆ ತೆರೆದಳು. ಹೆಸರು ಅಳಿಸಿದಳು. ಫಾರಂ ಒಪ್ಪಲಿಲ್ಲ. ಬಾಯಿಗೆ ಬಂದ ಸುಳ್ಳು ಹೆಸರೊಂದನ್ನು ತುಂಬಿದಳು. ಫಾರಂ ಒಪ್ಪಿತು, ಕಂಬಳಿ ಒಪ್ಪಲಿಲ್ಲ. ಅಜ್ಜನ ಕಣ್ಣು ಮೇಲಕ್ಕೆ ತಿರುಗಿತು. ಉಸಿರು ಸಿಕ್ಕಿಕೊಂಡಿತು. ಯಾರ ಹೆಸರು? ಯಾರದು? ತನ್ನಿಂದಾದದ್ದು. ಕಣ್ಣು ಮುಚ್ಚಿ ತನ್ನದೇ ಹೆಸರು ಬರೆದು ಒತ್ತಿಬಿಟ್ಟಳು.

ಅಜ್ಜ ಉದ್ದಕ್ಕೆ ಉಸಿರೆಳೆದ.

ಅವಳ ಬೆನ್ನ ಮೇಲೆ ಏನೋ ಇಳಿಯಿತು. ಒದ್ದೆ, ಭಾರ. ಕರಿಬಸಮ್ಮ ದೂರ ಸರಿದು ಕೈಮುಗಿದಳು, ಅಷ್ಟೇ. ಸುಮನಾ ಹೇಗೋ ಬಸ್ಸು ನಿಲ್ಲುವಲ್ಲಿಗೆ ಬಂದು ಕಾದ ಕಲ್ಲಿನ ಮೇಲೆ ಕುಸಿದಳು. ಕಲ್ಲಿನ ಬಿಸಿ ಮೈಗೆ ತಾಗಲೇ ಇಲ್ಲ. ಗಂಟಲಲ್ಲಿ ತುರಿಕೆ ಎದ್ದಿತು. ಬೆರಳು ಹಾಕಿ ಎಳೆದರೆ ಎಳೆ ಸಿಕ್ಕಿತು. ಸಾಯುತ್ತೇನೆ ಎಂದುಕೊಂಡಳು. ಅಮ್ಮನ ನೆನಪಾಗಿ ಅಳು ಬಂತು.

ಇದ್ದಕ್ಕಿದ್ದಂತೆ ಭಾರ ಇಳಿಯಿತು. ಬಿಸಿಲು ಚುರ್ ಎಂದು ಬೆನ್ನಿಗೆ ತಾಗಿತು. ಅಷ್ಟು ಹಿತವಾದ ಬಿಸಿಲನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಬದುಕಿಕೊಂಡೆ ಎಂದು ನಗುತ್ತಿರುವಾಗಲೇ ಫೋನು ಬಂತು.

"ಏನೇ ಸುಮನಾ, ಕಂಬಳಿ ಒಡೆಯರ ಜಾಗದಲ್ಲಿ ನಿನ್ನ ಹೆಸರು ಹಾಕ್ಕೊಂಡಿದ್ದೀಯಾ?" ಪ್ರತಿಮಾ ಮೇಡಂ ದನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು. "ಸಂಗ್ರಹಿಸಿದೋಳೇ ಒಡತಿ ಅಂದ್ರೆ ನಾಳೆ ವೈವಾದಲ್ಲಿ ನಿನ್ನ ಹುರಿದು ಮುಕ್ಕುತ್ತಾರೆ. ಈಗ ತಾನೇ ಸರಿ ಮಾಡಿದೆ. ವಿಭಾಗದ ಪರವಾಗಿ ನನ್ನ ಹೆಸರೇ ಇರಲಿ."

ಸುಮನಾ ಕಲ್ಲಿನಿಂದ ಎದ್ದು ನಿಂತಳು.

"ಒಂದು ನಿಮಿಷ ಇರು, ಫ್ಯಾನ್ ಆರಿಸ್ತೀನಿ. ಏನೋ ಚಳಿ. ಎಲ್ಲಿಂದಲೋ ಕುರಿ ವಾಸನೆ ಬೇರೆ..." ಮೇಡಂ ಕೆಮ್ಮಿದರು. ಮತ್ತೆ ಕೆಮ್ಮಿದರು. "ಸುಮನಾ? ಸುಮನಾ, ಕೇಳಿಸ್ತಾ ಇದೆಯಾ?"

ಅವಳು ಫೋನು ಕಟ್ ಮಾಡಿ ಫಾರಂ ತೆರೆದಳು. 'ಪ್ರತಿಮಾ' ಎಂದಿತ್ತು. ತನ್ನ ಹೆಸರು ಬರೆಯಲು ಹೆಬ್ಬೆರಳು ಎತ್ತಿದಳು. ಹೆಬ್ಬೆರಳು ಹಾಗೇ ನಿಂತಿತು. ಬಿಸಿಲು ಬೆನ್ನು ಕಾಯಿಸುತ್ತಿತ್ತು. ಮೇಡಂ ಬಡಿಸುತ್ತಿದ್ದ ಅನ್ನ ನೆನಪಾಯಿತು, ಗಂಟಲಿನ ಎಳೆಯೂ ನೆನಪಾಯಿತು. ಕಡೂರಿನ ಬಸ್ಸು ಬಂತು. ಅವಳು ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ ಹತ್ತಿದಳು.

ದಾರಿಯುದ್ದಕ್ಕೂ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಬೇಸರ ಬಂತು.

"ಯಾರ್ದವ್ವ ಅದು ಫೋನು? ಎತ್ತಬಾರ್ದಾ?"

"ಯಾರದ್ದೂ ಅಲ್ಲ," ಎಂದಳು ಸುಮನಾ.