ನೀಲಿ ಪಟ್ಟಿಯ ಮನೆಗಾಡಿ

ಅವಳು ಮೊದಲು ಗುರುತು ಹಿಡಿದಿದ್ದು ಗಾಡಿಯನ್ನು, ಗಾಡಿಯವನನ್ನು ನೋಡಿದ್ದು ಆಮೇಲೆ. ಬಿಳಿ ಮೈ, ನಡುವಿನ ಉದ್ದಕ್ಕೂ ಕಡುನೀಲಿ ಪಟ್ಟಿ. ಹಿಂದಿನ ಚಕ್ರದ ಮೇಲೆ ಆ ಪಟ್ಟಿ ಕೂದಲೆಳೆಯಷ್ಟು ಮೇಲೆದ್ದು ಮತ್ತೆ ನೇರವಾಗುತ್ತಿತ್ತು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ಕೈ ನಡುಗಿದ್ದು ಅಲ್ಲೇ.

ಕಾಗದಪತ್ರದಲ್ಲಿ ಅದನ್ನು ಮೋಟಾರ್‌ಹೋಮ್ ಅಂತ ಬರೆಯುತ್ತಾರೆ. ಗಾಡಿಗಳಿಗೆ ಬಣ್ಣ ಹೊಡೆಯುವ ಅವಳ ಶೆಡ್ಡಿನವರ ಬಾಯಲ್ಲಿ ಅದು ಮನೆಗಾಡಿ. ಒಳಗೆ ಮಂಚ, ಒಲೆ, ಕಪಾಟು. ಹೊರಗೆ ನಾಲ್ಕು ಚಕ್ರ. ಅದರಿಂದ ಇಳಿದವನಿಗೆ ನಲವತ್ತರ ಆಸುಪಾಸು. ಮೂಗಿನ ಮೇಲೊಂದು ಕನ್ನಡಕ, ಕೊರಳಿನ ದಾರದಲ್ಲಿ ಇನ್ನೊಂದು, ತಲೆಯ ಮೇಲೆ ಮೂರನೆಯದು. ಊರೂರು ತಿರುಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾಡಿಕೊಡುವುದು ತನ್ನ ಕಸುಬು ಎಂದು ಹೇಳಿಕೊಂಡ. ಹೇಳದಿದ್ದರೂ ನಡೆಯುತ್ತಿತ್ತು.

ಕಿಟಕಿಯ ಕೆಳಗೆ ಬಣ್ಣ ಗುಳ್ಳೆ ಎದ್ದಿದೆ, ಅದನ್ನು ಸರಿಮಾಡಿ ಇಡೀ ಗಾಡಿಗೆ ಹೊಸದಾಗಿ ಬಣ್ಣ ಹೊಡೆದುಕೊಡಬೇಕು, ಆದರೆ ಪಟ್ಟಿ ಮಾತ್ರ ಹೀಗೇ ಇರಬೇಕು ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ಈ ಗಾಡಿ ತಗೊಂಡಿದ್ದೇ ಬಣ್ಣ ನೋಡಿ ಮೇಡಂ. ಇದನ್ನ ಹೊಡೆದವರು ಎಲ್ಲಾದ್ರೂ ಸಿಕ್ಕಿದ್ರೆ ಆ ಕೈಗೊಂದು ಮುತ್ತು ಕೊಡಬೇಕು ಅಂತಿದೀನಿ."

ಅವಳು ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅದೇ ಕಥೆ.

ಬೀದಿಯಲ್ಲಿ ಅವಳನ್ನು ಬಣ್ಣದಕ್ಕ ಎನ್ನುತ್ತಾರೆ. ಕಸುಬು ಕಲಿಸಿದ್ದು ಸೋದರಮಾವ. ಹಳೇ ಗಾಡಿ ಬಂದರೆ ಮೊದಲು ಬೆರಳ ಗೆಣ್ಣಿನಿಂದ ಮೈಯೆಲ್ಲ ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಶೀಟು ಬಿಚ್ಚಬೇಕು, ಒಳಗಿನ ಮರ ಕೊಳೆತಿದ್ದರೆ ಕತ್ತರಿಸಿ ಹೊಸದು ಕೂರಿಸಬೇಕು, ಬಣ್ಣ ಕಟ್ಟಕಡೆಗೆ. ಮಾವನ ವೇದ ಇಷ್ಟೇ. ಹನ್ನೆರಡು ವರ್ಷದ ಹಿಂದೆ ಮಾವ ಕಾಲು ಮುರಿದುಕೊಂಡು ಮಲಗಿದ್ದಾಗ ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ ಈ ಮನೆಗಾಡಿ. ಕಿಟಕಿಯ ಕೆಳಗೆ ತಟ್ಟಿದಾಗ ಟೊಳ್ಳು ಸದ್ದು ಬಂದಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ನೆನೆದ ಬ್ರೆಡ್ಡಿನೊಳಗೆ ಹೋದಂತೆ ಹೋಗಿತ್ತು. ಆಗಿನ ಮಾಲೀಕ ಗಾಡಿ ಮಾರುವ ಅವಸರದಲ್ಲಿದ್ದ. ಅವಳಿಗೆ ಮಾವನ ಕೈಯಲ್ಲಿ ಭೇಷ್ ಎನ್ನಿಸಿಕೊಳ್ಳುವ ಅವಸರ. ತೂತಿಗೆ ಪುಟ್ಟಿ ತುಂಬಿದಳು, ಉಜ್ಜಿದಳು, ಬಣ್ಣ ಹೊಡೆದಳು. ಮಾವ ಊರುಗೋಲು ಹಿಡಿದು ಬಂದು ಅಷ್ಟು ದೂರದಿಂದ ನೋಡಿ, ಇನ್ನು ಈ ಶೆಡ್ಡು ನಿಂದೇ ಎಂದುಬಿಟ್ಟರು. ಮೇಲೆ ಥಳಕು, ಒಳಗೆ ಹುಳುಕು. ಆ ಹುಳುಕಿನ ಮೇಲೇ ಅವಳ ಹೆಸರು ನಿಂತಿತ್ತು.

ಈಗ ಮಾವ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಕನ್ನಡಕಕ್ಕೂ ಹತ್ತು ವರ್ಷ. ಬಂದವರು ಯಾರೆಂದು ಕೆಮ್ಮಿನ ಮೇಲೆ ಗೊತ್ತುಮಾಡುತ್ತಾರೆ, ಗಾಡಿ ಯಾವುದೆಂದು ಇಂಜಿನ್ನಿನ ಮೇಲೆ. ಈ ಗಾಡಿಯ ಇಂಜಿನ್ ಬದಲಾಗಿತ್ತು. ಯಾವ ಗಾಡಿಯೇ ಹುಡುಗಿ ಎಂದು ಕೇಳಿದರು. ಯಾವುದೋ ಹಳೇದು ಮಾವ ಎಂದಳು. ಪ್ರಾಯ ಮೂವತ್ತೆಂಟಾದರೂ ಮಾವನಿಗೆ ಅವಳು ಹುಡುಗಿಯೇ. ಆ ಹುಡುಗಿ ಅಂದು ಎಲ್ಲಕ್ಕಿಂತ ಮೊದಲು ಮಾಡಿದ್ದು, ನೀಲಿ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಹಳೇ ಪೇಪರು ಹಚ್ಚಿ ಟೇಪು ಅಂಟಿಸಿದ್ದು.

ಮರುದಿನ ಕಿಟಕಿಯ ಕೆಳಗಿನ ಶೀಟು ಬಿಚ್ಚಿದಳು. ಮರ ಮರವಾಗಿ ಉಳಿದಿರಲಿಲ್ಲ, ಕಪ್ಪು ಹಿಟ್ಟಾಗಿ ಕಾಲ ಮೇಲೆ ಸುರಿಯಿತು. ಕನ್ನಡಕದವನು ಬಗ್ಗಿ ನೋಡಿದ. ಆಮೇಲೆ ಒಳಗೆ ಹೋಗಿ ಒಂದು ಮರದ ಪೆಟ್ಟಿಗೆ ತಂದು ಅವಳ ಮುಂದೆ ತೆರೆದ. ಕಣ್ಣು ಪರೀಕ್ಷೆಯ ಲೆನ್ಸುಗಳು, ಸಾಲುಸಾಲಾಗಿ. ಅರ್ಧದಷ್ಟು ಲೆನ್ಸುಗಳ ಮೇಲೆ ಜೇಡನ ಬಲೆಯಂತೆ ಬೂಷ್ಟು ಕೂತಿತ್ತು.

"ನಮ್ಮಪ್ಪಂದು. ಇದೇ ಗೋಡೆ ಹಿಂದಿನ ಕಪಾಟಲ್ಲಿತ್ತು. ತೇವ ಎಲ್ಲಿಂದ ಬರ್ತಿದೆ ಅಂತ ಎರಡು ವರ್ಷ ಹುಡುಕಿದೀನಿ. ಗಾಜಿಗೇ ಹಿಡಿದಿದೆ, ಇನ್ನು ಒರೆಸಿದ್ರೂ ಹೋಗಲ್ಲ." ಕೊಳೆತ ಮರದತ್ತ ಕೈ ತೋರಿಸಿದ. "ಆ ಕೈಗೆ ಮುತ್ತು ಕೊಡ್ತೀನಿ ಅಂದೆನಲ್ಲ, ವಾಪಸ್ ತಗೊಂಡೆ. ಸಿಕ್ಕಿದ್ರೆ ಮುರೀತೀನಿ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಹೇಳಬೇಕಾಗಿದ್ದುದು ಆಗಲೇ. ಬೇಕಾಗಿದ್ದುದು ಎರಡೇ ಮಾತು. ಬಾಯಿ ತೆರೆದಳು ಕೂಡ. ಬಾಗಿಲಲ್ಲಿ ಮಾವ ಕೆಮ್ಮಿದರು, ಅವಳು ಬಾಯಿ ಮುಚ್ಚಿಕೊಂಡಳು. ಎಂಥಾ ಕೆಲಸಗಾರರು ಇರ್ತಾರೆ ನೋಡಿ ಎಂದಳು. ಅಂದ ಮಾತು ಅವಳ ಕಿವಿಗೇ ಬಿದ್ದು, ಕಿವಿಯ ತುದಿ ಕೆಂಪಾಯಿತು.

ಆ ಕೆಂಪನ್ನು ಅವನು ಬೇರೆ ಏನೋ ಅಂದುಕೊಂಡ ಅಂತ ಕಾಣುತ್ತದೆ.

ಹಾಗೆ ಶುರುವಾಯಿತು. ಅವನು ವಾಸಿಸುವುದೂ ಆ ಗಾಡಿಯಲ್ಲೇ. ಗೋಡೆ ತೆರೆದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರಿಂದ ಅವಳು ಹೊರಗೆ, ಅವನು ಒಳಗೆ, ನಡುವೆ ಒಂದು ಹಾಳೆ ಅಷ್ಟೆ. ಅವಳು ಹೊಸ ಮರ ಕೂರಿಸುವಾಗ ಅವನು ಆ ಕಡೆಯಿಂದ ಒತ್ತಿ ಹಿಡಿಯುತ್ತಿದ್ದ. ಒಮ್ಮೆ ಸಂದಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಸ್ಕ್ರೂ ನೋಡಿದಳು. ಅವನು ಸ್ಕ್ರೂ ನೋಡಲಿಲ್ಲ.

"ನಿಮ್ಮ ಕಣ್ಣಲ್ಲಿ ಏನೋ ಇದೆ" ಎಂದ.

"ಧೂಳಿರಬೇಕು."

"ಧೂಳಾದ್ರೆ ನನಗೆ ಗೊತ್ತಾಗುತ್ತೆ. ಇದು ಬೇರೆ."

ಎದೆ ಧಸಕ್ ಎಂದಿತು. ಪ್ರೀತಿಗೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ. ದಿನಾ ಬೆಳಗ್ಗೆ ಅವನು ಮೂರು ಲೋಟ ಚಹಾ ತರುತ್ತಿದ್ದ, ಮೂರನೆಯದು ಮಾವನಿಗೆ. ಅವಳು ಉಜ್ಜಿದ ಜಾಗಕ್ಕೆಲ್ಲ ಅಂಗೈ ಸವರಿ ಎಷ್ಟು ನುಣುಪು ಮೇಡಂ ಎನ್ನುತ್ತಿದ್ದ. ಹೊಗಳಿದಷ್ಟೂ ಅವಳು ಕುಗ್ಗಿದಳು. ಕುಗ್ಗಿದಷ್ಟೂ ಅವನು, ಇಷ್ಟು ಕೆಲಸ ಬಲ್ಲವರಿಗೆ ಇಷ್ಟು ನಾಚಿಕೆಯೇ ಎಂದು ಮತ್ತಷ್ಟು ಮೆಚ್ಚಿದ. ಪಾಪ.

ಮೂರನೇ ದಿನ ಮಾವನ ಕನ್ನಡಕ ಅವನ ಕಣ್ಣಿಗೆ ಬಿತ್ತು. ಅದನ್ನು ತೆಗೆದು ಬೆಳಕಿಗೆ ಹಿಡಿದು, ಇದು ಕನ್ನಡಕ ಅಲ್ಲ ಯಜಮಾನರೇ, ಮೂಗಿಗೆ ಭಾರ ಅಷ್ಟೆ ಎಂದ. ಸಂಜೆ ಬಂದು ಕೂತರೆ ಅರ್ಧ ಗಂಟೆಯಲ್ಲಿ ಹೊಸದಕ್ಕೆ ಅಳತೆ ತಗೊಳ್ಳುತ್ತೇನೆ ಎಂದ. ಮಾವನ ಮುಖ ಅರಳಿತು. ಬಣ್ಣದಕ್ಕ ಪೇಪರು ಹಚ್ಚಿದ್ದ ಪಟ್ಟಿಯ ಕಡೆ ನೋಡಿದಳು. ಮಾವನಿಗೆ ಕಣ್ಣು ಕಾಣಿಸಿದರೆ ಗಾಡಿಯೂ ಕಾಣಿಸುತ್ತದೆ. ಇವತ್ತು ಬೇಡ, ಮಾವನಿಗೆ ಶೀತ ಎಂದಳು. ಎರಡು ದಿನ ಬಿಟ್ಟು ಕೇಳಿದಾಗ ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್ ವಾಸನೆಗೆ ಮಾವನ ಕಣ್ಣು ಉರಿಯುತ್ತದೆ ಎಂದಳು. ಮೂರನೇ ಸಲ ಮಾವನೇ ಎದ್ದು ಹೊರಟಾಗ, ಊಟಕ್ಕೆ ತಡವಾಯಿತೆಂದು ಕೈಹಿಡಿದು ಮನೆಗೆ ಕರೆದುಕೊಂಡು ಹೋದಳು.

"ಬಿಡೇ ಹುಡುಗಿ" ಎಂದರು ಮಾವ ದಾರಿಯಲ್ಲಿ. "ನಿನ್ನ ಕೆಲಸ ನೋಡೋಕೆ ನನಗೆ ಕಣ್ಯಾಕೆ?"

ಆ ಮಾತಿಗಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ಚೆನ್ನಾಗಿರುತ್ತಿತ್ತು.

ಎರಡನೇ ವಾರದ ಒಂದು ಮಧ್ಯಾಹ್ನ ಅವಳು ಚಾವಣಿಯ ಅಂಚಿಗೆ ನೀರು ಇಳಿಯದಂತೆ ಹಾಕಿದ್ದ ಹಳೇ ಸೀಲು ಕೆರೆಯುತ್ತ ಏಣಿಯ ಮೇಲಿದ್ದಳು. ಕೆಳಗೆ ಮಾವನಿಗೆ ಬಾಯಾರಿತ್ತು. ನೀರಿನ ಲೋಟಕ್ಕೆಂದು ಕೈ ಚಾಚಿದರು, ಕೈಗೆ ಸಿಕ್ಕಿದ್ದು ಬ್ರಷ್ ನೆನೆಸಿಟ್ಟಿದ್ದ ಥಿನ್ನರ್ ಲೋಟ. ಮಾವನಿಗೆ ಶೀತ ಎಂದು ಅವಳು ಹಿಂದೆ ಹೇಳಿದ್ದು ಸುಳ್ಳು, ಅಂದು ಮಾತ್ರ ಅವರ ಮೂಗು ನಿಜವಾಗಿ ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ಲೋಟ ತುಟಿಗೆ ಹೋಗುವಷ್ಟರಲ್ಲಿ ಕನ್ನಡಕದವನು ಮೂರು ಹೆಜ್ಜೆಯಲ್ಲಿ ಹಾರಿ ಕಿತ್ತುಕೊಂಡ. ಥಿನ್ನರ್ ನೆಲದ ಪಾಲಾಯಿತು. ಏನಪ್ಪಾ, ನೀರು ಕುಡಿಯೋಕೂ ಬಿಡಲ್ವಾ ಎಂದು ಮಾವ ನಕ್ಕರು.

ಏಣಿಯಿಂದ ಹೇಗೆ ಇಳಿದಳೋ ಅವಳಿಗೆ ನೆನಪಿಲ್ಲ. ಮಾವನನ್ನು ಮನೆಯಲ್ಲಿ ಮಲಗಿಸಿ ಬಂದು, ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದವನ ಮುಂದೆ ನಿಂತಳು. ಕೈ ಈ ಸಲ ಜೇಬಿನಲ್ಲಿರಲಿಲ್ಲ.

"ಇದಕ್ಕೆ ಬಣ್ಣ ಹೊಡೆದಿದ್ದು ನಾನು" ಎಂದಳು. "ಮರ ಕೊಳೆತಿದೆ ಅಂತ ಗೊತ್ತಿದ್ದೂ ಹೊಡೆದೆ. ಮಾವ ಗಾಡಿ ಗುರುತು ಹಿಡಿದುಬಿಡ್ತಾರೆ ಅಂತ ಅವರ ಕಣ್ಣು ಪರೀಕ್ಷೆ ತಪ್ಪಿಸಿದೆ. ಇವತ್ತು ಅವರಿಗೆ ಏನಾದ್ರೂ ಆಗಿದ್ರೆ ಅದೂ ನಾನೇ ಮಾಡಿದ್ದು. ನಿಮ್ಮಪ್ಪನ ಪೆಟ್ಟಿಗೆ ಹಾಳುಮಾಡಿದ್ದೂ ನಾನೇ. ನಾಚಿಕೆಯಿಂದ ಸತ್ತುಹೋಗ್ತಿದೀನಿ, ಆದ್ರೂ ಇಷ್ಟು ದಿನ ಹೇಳಲಿಲ್ಲ. ನೀವು ಚಹಾ ತರೋದು ನಿಲ್ಲಿಸಿಬಿಡ್ತೀರಿ ಅಂತ ಭಯ ಆಯ್ತು."

ಅವನು ಮೂಗಿನ ಕನ್ನಡಕ ತೆಗೆದ. ಕೊರಳಿನದನ್ನು ತೆಗೆದ. ತಲೆಯ ಮೇಲಿನದನ್ನೂ ತೆಗೆದು ಮೂರನ್ನೂ ಪಕ್ಕಕ್ಕಿಟ್ಟ. ಬರಿಗಣ್ಣಿನ ಆ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಬಹಳ ದಣಿದ ಮುಖ.

"ಮರದ್ದು ಹನ್ನೆರಡು ವರ್ಷದ ಹಿಂದಿನ ಮಾತು" ಎಂದ. "ಸಿಟ್ಟಿದೆ, ಇಳಿಯುತ್ತೆ. ಆದ್ರೆ ಕಣ್ಣು ಕಾಣದವರಿಗೆ ಕನ್ನಡಕ ಬೇಡ ಅಂದ್ರಲ್ಲ. ನನ್ನೆದುರಿಗೇ, ಮೂರು ಸಲ. ಅದನ್ನ ಹೇಗೆ ನುಂಗಲಿ ಹೇಳಿ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಗ್ಗೆ ಚಹಾ ಬರಲಿಲ್ಲ. ಅವಳು ಕಾಯಲೂ ಇಲ್ಲ. ಗಾಡಿಯ ಮೈಗೆ ಹಚ್ಚಿದ್ದ ಪೇಪರನ್ನೆಲ್ಲ ಈ ತುದಿಯಿಂದ ಆ ತುದಿಗೆ ಕಿತ್ತಳು. ನೀಲಿ ಪಟ್ಟಿ ಹೊರಬಿತ್ತು. ಆಮೇಲೆ ಮನೆಗೆ ಹೋಗಿ ಮಾವನ ಕೈಹಿಡಿದು ಕರೆತಂದು, ಗಾಡಿಯ ಬಾಗಿಲು ತಟ್ಟಿದಳು.

"ಮಾವನ್ನ ಕರ್ಕೊಂಡು ಬಂದಿದೀನಿ" ಎಂದಳು. ಅವನು ಕುರ್ಚಿ ಹೊರಗೆ ತಂದು ಹಾಕಿದ.

ಬೂಷ್ಟು ಹಿಡಿಯದ ಲೆನ್ಸುಗಳನ್ನು ಒಂದೊಂದಾಗಿ ಆರಿಸಿ ಮಾವನ ಮೂಗಿನ ಮೇಲಿನ ಚೌಕಟ್ಟಿಗೆ ಹಾಕುತ್ತ ಹೋದ. ಇದು ಚೆನ್ನಾಗಿದೆಯೋ ಅದೋ, ಅದೋ ಇದೋ. ಮಾವ ದೊಡ್ಡ ಅಕ್ಷರ ಓದಿದರು, ಸಣ್ಣ ಅಕ್ಷರ ಓದಿದರು, ಓದಿ ಓದಿ ಮಗುವಿನ ಹಾಗೆ ನಕ್ಕರು. ನಕ್ಕು ತಲೆ ಎತ್ತಿದರು. ನಗು ಅಲ್ಲಿಗೇ ನಿಂತಿತು. ನೀಲಿ ಪಟ್ಟಿಯ ಉದ್ದಕ್ಕೂ ಅವರ ದೃಷ್ಟಿ ಹೋಗಿ, ಕಿಟಕಿಯ ಕೆಳಗೆ ಹೊಸ ಮರ ಕೂರಿಸಿದ ಜಾಗಕ್ಕೆ ಬಂದು ನಿಂತಿತು.

"ಒಳಗೆ ಕೊಳೆತಿತ್ತಾ?"

"ಹೂಂ ಮಾವ."

"ಅವತ್ತೇ?"

"ಅವತ್ತೇ. ನನಗೆ ಗೊತ್ತಿತ್ತು."

ಅವಳು ನೆಲ ನೋಡುತ್ತ ನಿಂತಳು. ಬೈಗುಳವಾದರೂ ಬರಲಿ ಎಂದು ಕಾದಳು.

"ತಟ್ಟಿ ನೋಡು, ತಟ್ಟಿ ನೋಡು ಅಂತ ನಿನಗೆ ದಿನಾ ಹೇಳಿದವನು ನಾನು" ಎಂದರು ಮಾವ. "ಅವತ್ತು ನಾನೇ ತಟ್ಟಲಿಲ್ಲ. ದೂರದಲ್ಲಿ ನಿಂತು ಹೊಗಳಿಬಿಟ್ಟೆ." ಕಣ್ಣೊರೆಸಲು ಹೋದರೆ ಚೌಕಟ್ಟು ಅಡ್ಡ ಬಂತು. "ಮೊದಲಿಂದ ಹೊಡಿ. ಮುಗಿದ ಮೇಲೆ ಕರಿ. ಶೆಡ್ಡು ಯಾರದ್ದು ಅನ್ನೋದು ಆಮೇಲೆ ನೋಡೋಣ."

ಅವಳು ಹತ್ತು ದಿನ ತೆಗೆದುಕೊಂಡಳು. ಕಿಟಕಿಗಳ ಸೀಲು, ಚಾವಣಿಯ ಅಂಚು, ಒಂದೊಂದು ಸ್ಕ್ರೂ, ಯಾವುದನ್ನೂ ಬಿಡಲಿಲ್ಲ. ಹಳೇ ಬಣ್ಣವನ್ನು ತನ್ನ ಕೈಯಾರೆ ಉಜ್ಜಿ ತೆಗೆದಳು. ಐದನೇ ದಿನ ಏಣಿಯ ಬುಡದಲ್ಲಿ ಒಂದು ಲೋಟ ಚಹಾ ಇತ್ತು. ತಂದವನು ಕಾಣಲಿಲ್ಲ. ಆರಿಹೋಗಿದ್ದ ಆ ಚಹಾವನ್ನು ಅವಳು ಅಳುತ್ತ ಕುಡಿದಳು.

ಪಟ್ಟಿ ಎಳೆಯುವ ದಿನ ಹಿಂದಿನ ಚಕ್ರದ ಮೇಲೆ ಬಂದಾಗ ಕೈ ನಡುಗಲಿಲ್ಲ.

ಮಾವ ಹೊಸ ಕನ್ನಡಕ ಹಾಕಿಕೊಂಡು ಬಂದವರು, ಕಣ್ಣಿನಿಂದ ನೋಡುವ ಗೋಜಿಗೇ ಹೋಗದೆ ಗೆಣ್ಣಿನಿಂದ ತಟ್ಟುತ್ತ ಗಾಡಿಯನ್ನು ಪೂರ್ತಿ ಸುತ್ತಿದರು. ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಕಿಟಕಿಯ ಕೆಳಗೆ ಮೂರು ಸಲ ತಟ್ಟಿದರು.

"ಶೆಡ್ಡು ನಿಂದೇ" ಎಂದು ಹೇಳಿ ತಮ್ಮ ಕುರ್ಚಿಗೆ ಹೋದರು.

ಗಾಡಿ ಹೊರಡಬೇಕು. ಕನ್ನಡಕದವನು ಕೀಲಿ ಹಿಡಿದುಕೊಂಡು ನಿಂತಿದ್ದ, ಬಾಗಿಲು ಮಾತ್ರ ತೆರೆಯಲಿಲ್ಲ.

"ಯಜಮಾನರ ಕಣ್ಣನ್ನ ತಿಂಗಳಿಗೊಂದ್ಸಲ ಬಂದು ನೋಡಬೇಕಾಗುತ್ತೆ."

"ತಿಂಗಳಿಗೊಂದ್ಸಲ ಕಣ್ಣು ಯಾರು ನೋಡಿಸ್ತಾರೆ?"

"ಬೇಕಿದ್ರೆ ವಾರಕ್ಕೊಂದ್ಸಲನೂ ನೋಡಬಹುದು." ನಗಲು ಹೋದ, ನಗು ಪೂರ್ತಿ ಬರಲಿಲ್ಲ. "ಮೊದಲನೇ ದಿನ ಆ ಕೈಗೆ ಮುತ್ತು ಕೊಡ್ತೀನಿ ಅಂದಿದ್ದೆ. ಮಾರನೇ ದಿನ ಮುರೀತೀನಿ ಅಂದೆ. ಆಡಿದ ಮಾತಿಗೆ ತಪ್ಪಬಾರದು. ಯಾವುದು ಮಾಡಲಿ, ನೀವೇ ಹೇಳಿ."

ಅವಳು ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ನೀಲಿ, ಗೆಣ್ಣುಗಳ ಮೇಲೆ ತರಚಿದ ಗಾಯ. ಒರೆಸಿಕೊಳ್ಳೋಣ ಎನ್ನಿಸಿತು, ಮುಚ್ಚಿಟ್ಟುಕೊಳ್ಳೋಣ ಎನ್ನಿಸಿತು. ಎರಡನ್ನೂ ಮಾಡದೆ ಇದ್ದ ಹಾಗೇ ಚಾಚಿದಳು.

"ಎರಡಕ್ಕೂ ಇದೇ ಕೈ" ಎಂದಳು.

ಅವನು ಆ ಕೈ ಹಿಡಿದುಕೊಂಡು ಬಗ್ಗಿದ.

ಬಾಗಿಲ ಬಳಿ ಮಾವ ಕೆಮ್ಮಿದರು. ಈಗ ಅವರಿಗೆ ಅಷ್ಟು ದೂರದ್ದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕೇ ಹೊಸ ಕನ್ನಡಕ ತೆಗೆದು, ಒಂದು ಕಣ ಧೂಳೂ ಇಲ್ಲದ ಗಾಜನ್ನು ಪಂಚೆಯ ತುದಿಯಿಂದ ನಿಧಾನವಾಗಿ ಒರೆಸುತ್ತ ಕೂತರು.